ಕೆಡದೇ ಇದ್ದ ಎಣ್ಣೆ

ಕೆಲಸ ತಪ್ಪಿಸಿಕೊಳ್ಳಲು ಕಾರು ಕೆಟ್ಟಿದೆ ಎಂದು ಸುಳ್ಳು ಹೇಳುವ ಡ್ರೈವರುಗಳು ಬೇಕಾದಷ್ಟು ಜನ ಇದ್ದಾರೆ. ನಾನೂ ಅದೇ ಸುಳ್ಳು ಹೇಳುತ್ತಿದ್ದೆ, ಆದರೆ ಕೆಲಸ ಹುಟ್ಟಿಸಿಕೊಳ್ಳಲು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಡ್ರೈವರಾಗಿ ಸೇರಿದೆ. ಧಣಿಗಳ ಅಂಗಡಿ ಮದ್ರಾಸಿನಲ್ಲಿತ್ತು. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದರು. ಅವರಿದ್ದಾಗ ಕಾರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಅವರು ಹೋದ ಮೇಲೆ ಕಾರಿಗೂ ನನಗೂ ಮೈಮುರಿಯುವುದೊಂದೇ ಕೆಲಸ. ತಿಂಗಳಿಗೆ ಒಂದೆರಡು ಬಾರಿ ಮನೆಯ ಹೆಂಗಸರನ್ನು ತೆಂಗಿನಗುಂಡಿಯ ನೆಂಟರ ಮನೆಗೆ ಬಿಟ್ಟು, ಸಂಜೆ ಕರೆತರಬೇಕು, ಅಷ್ಟೆ. ಉಳಿದ ದಿನ ಕಾರನ್ನು ಒರೆಸುತ್ತಿದ್ದೆ. ಒರೆಸಿ ಒರೆಸಿ ಅದರ ಬಣ್ಣ ನನ್ನಿಂದಲೇ ತೆಳ್ಳಗಾಗಿರಬೇಕು.

ಕಾರಿನ ಶೆಡ್ಡಿಗೆ ತಾಗಿ ನನಗೊಂದು ಕೋಣೆ ಕೊಟ್ಟಿದ್ದರು. ಆ ಮನೆಯವರನ್ನು ದೂರಿದರೆ ನಾಲಿಗೆಗೆ ಹುಳ ಬಿದ್ದೀತು, ಅಷ್ಟು ಒಳ್ಳೆಯ ಜನ. ಹೊತ್ತು ಹೊತ್ತಿಗೆ ಮುಚ್ಚಿದ ತಟ್ಟೆಯಲ್ಲಿ ಊಟ ಬರುತ್ತಿತ್ತು. ಕೆಲಸದಾಕೆ ಅದನ್ನು ಜಗಲಿಯ ಮೇಲಿಟ್ಟು ಕೈಬಳೆ ಸದ್ದು ಮಾಡಿ ಹೋಗುತ್ತಿದ್ದಳು. ಒಳಗೆ ಅವರ ನವಾಯತಿ ಭಾಷೆಯಲ್ಲಿ ಮಾತು, ನಗು ನಡೆದೇ ಇರುತ್ತಿತ್ತು. ಆ ಮಾತು ನನಗೆ ತಿಳಿಯುತ್ತಿರಲಿಲ್ಲ, ಆದರೆ ನಗುವುದು ಎಲ್ಲ ಭಾಷೆಯಲ್ಲೂ ಒಂದೇ ತಾನೆ? ನಾನು ಕತಗಾಲದ ಕಡೆಯವನು. ಅವ್ವ ತೀರಿಕೊಂಡ ಮೇಲೆ ಊರಿನಲ್ಲಿ ನನ್ನವರೆಂದು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಿರುತ್ತಿರಲಿಲ್ಲ. ಆಗ ಗಂಟಲು ಸರಿ ಇದೆಯೋ ಇಲ್ಲವೋ ಎಂದು ನೋಡಲು ಕಾರಿಗೇ ಬೈಯುತ್ತಿದ್ದೆ.

ಕಾರಿನ ಸರ್ವೀಸು ಕುಮಟೆಯಲ್ಲಿ. ಪೇಟೆ ದಾಟಿದ ಮೇಲೆ ರಸ್ತೆಯ ಬದಿಗೊಂದು ತಗಡಿನ ಶೆಡ್ಡು, ಅದರ ಪಕ್ಕದಲ್ಲೇ ಗಾಡಿ ರಿಪೇರಿಯ ಮೇಸ್ತ್ರಿಯ ಮನೆ. ಮೇಸ್ತ್ರಿ ನನಗಿಂತ ಹತ್ತು ವರ್ಷ ದೊಡ್ಡವನಿದ್ದ. ಗಂಡ ಹೆಂಡತಿ ಇಬ್ಬರೇ ಇದ್ದರು, ಮಕ್ಕಳಿರಲಿಲ್ಲ. ಅವನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಎಂಜಿನ್ನಿನ ಹಳೆಯ ಎಣ್ಣೆಯನ್ನು ಇಳಿಸುವುದರಲ್ಲಿ ಅವನದು ಒಂದು ಕ್ರಮವಿತ್ತು. ಕಾರಿನಡಿಗೆ ಬಾಣಲೆ ಇಟ್ಟು, ಚೇಂಬರಿನ ಬೋಲ್ಟು ಬಿಚ್ಚಿ, ಕೈ ತೊಳೆದು, ನೇರ ಊಟಕ್ಕೆ ನಡೆಯುವುದು. ಕೊನೆಯ ಹನಿಯೂ ಇಳಿಯಬೇಕಾದರೆ ಒಂದು ತಾಸು ಬೇಕು ಎನ್ನುತ್ತಿದ್ದ. ಹಾಗಾಗಿ ಎಣ್ಣೆ ಇಳಿಯುವಷ್ಟು ಹೊತ್ತು ನಾನೂ ಅವರ ಮನೆಯಲ್ಲಿ ಉಣ್ಣಬೇಕು. ಅಕ್ಕ ಕೆಂಪಕ್ಕಿ ಅನ್ನಕ್ಕೆ ಬಂಗಡೆ ಸಾರು ಬಡಿಸುತ್ತಾ, "ಎಂತ, ಭಟ್ಕಳದಲ್ಲಿ ನಿಮಗೆ ಉಂಬೂಕೆ ಹಾಕೂದಿಲ್ವಾ? ಎಲುಬು ಕಾಣ್ತದೆ," ಎಂದು ಪ್ರತಿ ಸಲ ಕೇಳುತ್ತಿದ್ದಳು. ನನ್ನ ಎಲುಬನ್ನು ಲೆಕ್ಕಕ್ಕೆ ತೆಗೆದುಕೊಂಡ ಇನ್ನೊಬ್ಬರು ಆಗ ಜಗತ್ತಿನಲ್ಲಿ ಇರಲಿಲ್ಲ.

ಮೂರು ತಿಂಗಳಿಗೊಮ್ಮೆ ಎಣ್ಣೆ ಬದಲಾಯಿಸಬೇಕೆಂದು ಧಣಿಗಳ ಅಪ್ಪಣೆಯಿತ್ತು. ನಾನು ಅದನ್ನು ಎರಡು ತಿಂಗಳಿಗೆ ಇಳಿಸಿದೆ, ಆಮೇಲೆ ಒಂದಕ್ಕೆ. ಧಣಿಗಳ ತಾಯಿ ಪರದೆಯ ಹಿಂದಿನಿಂದ, "ಗಾಡಿ ಎಲ್ಲಿಗೂ ಹೋಗ್ಲಿಲ್ಲ, ಎಣ್ಣೆ ಹೇಗೆ ಹಾಳಾಯ್ತು?" ಎಂದು ಕೇಳಿದರು.

"ನಿಂತಲ್ಲೇ ನಿಂತ್ರೂ ಹಾಳಾಗ್ತದೆ ಅಮ್ಮ," ಎಂದೆ.

ಕಾರಿನ ವಿಷಯದಲ್ಲಿ ಅದು ಅರ್ಧ ಸುಳ್ಳು. ನನ್ನ ವಿಷಯದಲ್ಲಿ ಪೂರ್ತಿ ನಿಜವಾಗಿತ್ತು.

ಒಂದು ಸಲ ಹೋದಾಗ ಹಿಂದಿನ ಸರ್ವೀಸಾಗಿ ಮೂರು ವಾರ ಕೂಡ ಆಗಿರಲಿಲ್ಲ. ಹೊಸ ಎಣ್ಣೆಯ ಡಬ್ಬಿಯನ್ನು ಎಂದಿನಂತೆ ಮನೆಯಿಂದಲೇ ತೆಗೆದುಕೊಂಡು ಹೋಗಿ ಮೇಸ್ತ್ರಿಗೆ ಕೊಟ್ಟೆ. ಅವನು ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ, ನನ್ನ ಮುಖ ನೋಡಿದ. "ಆತು, ನೀವು ಹೋಗಿ ಕೈಕಾಲು ತೊಳ್ಕಳಿ," ಎಂದ. ಊಟವಾಯಿತು. ಅಷ್ಟರಲ್ಲಿ ಯಾರದೋ ಲಾರಿ ರಸ್ತೆಯಲ್ಲಿ ಕೆಟ್ಟು ನಿಂತಿದೆ ಎಂದು ಯಾರೋ ಕರೆಯಲು ಬಂದರು, ಮೇಸ್ತ್ರಿ ಅವಸರದಲ್ಲಿ ಹೊರಟುಹೋದ. ನಾನು ಶೆಡ್ಡಿಗೆ ಬಂದು ನೋಡಿದರೆ ಕಾರಿನ ಪಕ್ಕದಲ್ಲಿ ಬಾಣಲೆ ತುಂಬ ಕಪ್ಪು ಎಣ್ಣೆ. ಹೊಸ ಡಬ್ಬಿಯನ್ನು ಮಾತ್ರ ಇನ್ನೂ ಒಡೆದಿರಲಿಲ್ಲ. ಹಳೆಯದು ಇಳಿದಿದೆ, ಹೊಸದನ್ನು ಹಾಕುವುದಷ್ಟೇ ಬಾಕಿ ಎಂದು ತಿಳಿದುಕೊಂಡೆ. ಉಂಡ ಮನೆಗೆ ಅಷ್ಟಾದರೂ ಉಪಕಾರವಾಗಲಿ ಎಂದು ಡಬ್ಬಿ ಒಡೆದು ಇಡೀ ಎಣ್ಣೆಯನ್ನು ನಾನೇ ಸುರಿದೆ. ಕಡ್ಡಿ ಎಳೆದು ನೋಡುವಷ್ಟು ಬುದ್ಧಿ ಬರಲಿಲ್ಲ. ಅಕ್ಕನಿಗೆ ಹೇಳಿ ಹೊರಟೆ.

ಎಣ್ಣೆ ಕಡಿಮೆಯಾದರೆ ಎಂಜಿನ್ನು ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅಷ್ಟೇ ಕೆಡುಕು. ಒಳಗೆ ತಿರುಗುವ ದಂಡ ಎಣ್ಣೆಯಲ್ಲಿ ಮುಳುಗಿ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ನೊರೆಯೆದ್ದ ಎಣ್ಣೆ ಸಿಕ್ಕ ಸಂದಿಯಲ್ಲೆಲ್ಲ ಹೊರಗೆ ಬರುತ್ತದೆ, ಉಳಿದದ್ದು ಸುಟ್ಟು ಹೊಗೆಯಾಗುತ್ತದೆ. ಹೊನ್ನಾವರ ಮುಟ್ಟುವ ಮೊದಲೇ ನನ್ನ ಹಿಂದೆ ನೀಲಿ ಹೊಗೆ ಕವಿದಿತ್ತು. ನಡುನಡುವೆ ನಿಲ್ಲಿಸಿ, ತಣಿಸಿ, ತೆವಳುತ್ತಾ ಶರಾವತಿಯ ದಡಕ್ಕೆ ಬಂದೆ. ಸೇತುವೆ ಇಲ್ಲದ ಕಾಲ ಅದು. ಎರಡು ದೋಣಿಗೆ ಹಲಗೆ ಬಿಗಿದ ಜಂಗಲ್ಲಿನ ಮೇಲೆ ಕಾರು ಹೊಳೆ ದಾಟಬೇಕು. ಸಮುದ್ರದ ಇಳಿತವಿದ್ದುದರಿಂದ ಜಂಗಲ್ಲು ಆಚೆ ದಡದಲ್ಲೇ ನಿಂತಿತ್ತು. ಕಡ್ಡಿ ಎಳೆದು ನೋಡಿದೆ. ಎಣ್ಣೆ ಗುರುತು ದಾಟಿ ನಾಲ್ಕು ಬೆರಳು ಮೇಲಿತ್ತು. ಅವನು ಹಳೆಯ ಎಣ್ಣೆಯನ್ನು ಇಳಿಸಿಯೇ ಇರಲಿಲ್ಲ! ಬಾಣಲೆಯಲ್ಲಿದ್ದದ್ದು ಬೇರೆ ಯಾವುದೋ ಗಾಡಿಯದು. ಎಂಜಿನ್ನು ಹೋದರೆ ನನ್ನ ಕೆಲಸವೂ ಹೋದಂತೆ. ಅವನ ಏಳು ತಲೆಮಾರಿಗೂ ಮನಸ್ಸಿನಲ್ಲೇ ಬೈದೆ.

ಅರ್ಧ ತಾಸಿನಲ್ಲಿ ಒಂದು ಲಾರಿಯಿಂದ ಮೇಸ್ತ್ರಿಯೇ ಇಳಿದ. ಕೈಯಲ್ಲಿ ಬೋಲ್ಟು ಬಿಚ್ಚುವ ಪಾನ, ಕಂಕುಳಲ್ಲಿ ಬಾಣಲೆ ಇತ್ತು. ಶೆಡ್ಡಿಗೆ ಮರಳಿದಾಗ ಖಾಲಿ ಡಬ್ಬಿ ಕಂಡು, ಸಿಕ್ಕ ಲಾರಿ ಹತ್ತಿ ಓಡಿ ಬಂದಿದ್ದ.

"ಎಣ್ಣೆ ಇಳಿಸದೆ ಬಿಟ್ಟದ್ದು ಎಂತಕ್ಕೆ? ನನ್ನ ಹೊಟ್ಟೆ ಮೇಲೆ ಹೊಡಿಬೇಕು ಅಂತ ಮಾಡಿದ್ರಾ?" ಎಂದು ನಾಲ್ಕು ಜನ ತಿರುಗಿ ನೋಡುವಂತೆ ಕಿರುಚಿದೆ.

ಅವನು ನೇರ ಕಾರಿನಡಿಗೆ ನುಗ್ಗಿದ. ಹೆಚ್ಚಾದದ್ದು ಬಾಣಲೆಗೆ ಸುರಿಯಿತು. ಬೋಲ್ಟು ಹಾಕಿ, ಇಳಿಜಾರಿನಲ್ಲಿ ಕಡ್ಡಿ ಸರಿಯಾದ ಅಳತೆ ತೋರಿಸುವುದಿಲ್ಲವೆಂದು ನನ್ನನ್ನೂ ಸೇರಿಸಿಕೊಂಡು ಕಾರನ್ನು ಮಟ್ಟಸ ನೆಲಕ್ಕೆ ತಳ್ಳಿಸಿದ. ಕಡ್ಡಿ ನೋಡಿ, ಮತ್ತೆ ಒಂದಿಷ್ಟು ಇಳಿಸಿ, ಮತ್ತೆ ನೋಡಿ, ಎಣ್ಣೆ ಗುರುತಿಗೆ ಸರಿಯಾದ ಮೇಲೆ ಕೈ ಒರೆಸಿಕೊಂಡ. ಬಾಣಲೆಯನ್ನು ಬಿಸಿಲಿಗೆ ಹಿಡಿದ.

"ನೋಡಿ, ಜೇನಿನ ಹಾಂಗೆ ಇದ್ದು. ಮೂರು ವಾರದ ಎಣ್ಣೆ ಬೆರೆತ್ರೂ ಒಂಚೂರು ಕಪ್ಪಾಗ್ಲಿಲ್ಲ. ಇದನ್ನ ಚೆಲ್ಲೂಕೆ ನಂಗೆ ಮನಸ್ಸು ಬರ್ಲಿಲ್ಲ."

"ಹಾಂಗಾರೆ ಹೇಳ್ಬೇಕಿತ್ತಪ್ಪ!"

"ಹೇಳಿದ್ರೆ ನೀವು ಮತ್ತೆ ಬರ್ತಿದ್ರಾ?" ಎಂದ. "ನೀವು ಬರೂದು ಎಣ್ಣೆಗಲ್ಲ ಅಂತ ನಂಗೂ ಗೊತ್ತು, ಮನೆಯವಳಿಗೂ ಗೊತ್ತು. ಇದಕ್ಕೆಲ್ಲ ಕಾರು ಎಂತಕ್ಕೆ ಬೇಕು ಡ್ರೈವರ್ರೇ? ರಜೆ ದಿವ್ಸ ಬಸ್ಸು ಹತ್ತಿ ಬನ್ನಿ, ಉಂಡ್ಕಂಡು ಹೋಗಿ."

ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಅವನು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ಹಸಿವು ಗಂಡ ಹೆಂಡತಿಗೆ ಇಷ್ಟು ದಿನವೂ ಗೊತ್ತಿತ್ತು, ಗೊತ್ತಿದ್ದೂ ತೋರಿಸಿಕೊಂಡಿರಲಿಲ್ಲ. ಸಮುದ್ರದ ಭರತ ಏರಿ ಜಂಗಲ್ಲು ಬಂತು. ಕಾರು ಹತ್ತಿಸಿದೆ. ಅವನಿಗೆ ಒಂದು ಒಳ್ಳೆಯ ಮಾತನ್ನೂ ಹೇಳದೆ ಹೊಳೆ ದಾಟಿದೆ.

ಒಂದು ತಿಂಗಳು ಕಳೆದು ರಜೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ. ಹೊಳೆಯವರೆಗೆ ಒಂದು ಬಸ್ಸು, ಆಚೆ ದಡದಿಂದ ಇನ್ನೊಂದು. ಕುಮಟೆಯಲ್ಲಿ ಇಳಿದಾಗ ಗಂಟೆ ಹನ್ನೊಂದಾಗಿತ್ತು. ಶೆಡ್ಡಿನ ಎದುರು, ರಸ್ತೆಯ ಈಚೆ, ಒಂದು ಆಲದ ಮರದ ಕೆಳಗೆ ನಿಂತೆ. ಮೇಸ್ತ್ರಿ ಯಾವುದೋ ಲಾರಿಯ ಅಡಿಯಲ್ಲಿದ್ದ, ಕಾಲು ಮಾತ್ರ ಕಾಣುತ್ತಿತ್ತು. ದಾಟಿ ಹೋಗಿ ಎಂತ ಹೇಳುವುದು? ಕಾರಿದ್ದರೆ ಎಂಜಿನ್ನಿನ ಮಾತಾಡಬಹುದಿತ್ತು. ಬರೀ ನಾನೇ ಹೋಗಿ, ನಾನು ಬಂದಿದ್ದೇನೆ, ಅನ್ನ ಹಾಕಿ, ನನ್ನ ಹತ್ತಿರ ಮಾತಾಡಿ ಎಂದು ಯಾವ ಮುಖದಲ್ಲಿ ನಿಲ್ಲಲಿ? ಅರ್ಧ ತಾಸು ನಿಂತೆ. ರಸ್ತೆ ಎಂಟು ಹತ್ತು ಹೆಜ್ಜೆ ಇದ್ದೀತು. ಅಷ್ಟು ದೂರ ನಡೆಯಲು ನನ್ನಿಂದಾಗಲಿಲ್ಲ. ತಿರುಗಿ ಬಸ್ ನಿಲ್ದಾಣಕ್ಕೆ ಬಂದೆ, ಎರಡು ಗಂಟೆಯವರೆಗೆ ಬಸ್ಸೇ ಇರಲಿಲ್ಲ.

ಸರ್ವೀಸಿನ ಮೂರು ತಿಂಗಳು ತುಂಬಿದಾಗ, ಈ ಬಾರಿ ಸುಳ್ಳಿಲ್ಲದೆ, ಕಾರು ತೆಗೆದುಕೊಂಡು ಹೋದೆ. ಮೇಸ್ತ್ರಿ ಬೋಲ್ಟು ಬಿಚ್ಚಿ ಬಾಣಲೆ ಇಟ್ಟ, ನಾವು ಉಣ್ಣಲು ಕುಳಿತೆವು. ಹಿಂದಿನದರ ಸೊಲ್ಲೇ ಅವನು ಎತ್ತಲಿಲ್ಲ. ಅಕ್ಕ ಸಾರು ಬಡಿಸುತ್ತಾ, "ಆ ದಿವ್ಸ ಮರದ ಅಡಿ ನಿಂತಿದ್ರಲ್ಲ, ನಾ ಕಿಟಕಿಂದ ನೋಡ್ದೆ," ಎಂದಳು.

"ಬಸ್ಸಿಗೆ ಹೊತ್ತಾಗಿತ್ತು ಅಕ್ಕ," ಎಂದೆ.

"ಕರಿವ ಅಂತ ಮಾಡ್ದೆ. ಇವ್ರು, ಬೇಡ, ಅವ್ರಾಗೇ ಬರ್ಲಿ, ಕರೆದ್ರೆ ನಾಚ್ಕಂಡು ಓಡ್ತ್ರು ಅಂದ್ರು. ಮೂರು ತಾಟು ಹಾಕಿ ಕೂತ್ವಿ."

"ಎಷ್ಟು ಹೊತ್ತು?" ಎಂದು ಕೇಳಿದೆ. ಕೇಳಬಾರದಿತ್ತು.

"ಎಷ್ಟೊತ್ತೆಂತ, ಮೂರು ಗಂಟೆವರೆಗೆ. ಪೇಟೆ ಬದಿ ಹೋಗಿದ್ರೆ ತಿರುಗಿ ಬರೂರು ಅಂತ. ಇವ್ರೂ ಉಣ್ಲಿಲ್ಲ, ನಾನೂ ಉಣ್ಲಿಲ್ಲ."

ಆ ಮೂರು ಗಂಟೆಗೆ ನಾನು ಹೊನ್ನಾವರದ ಹೊಳೆಯ ನಡುವೆ, ಜಂಗಲ್ಲಿನ ಮೇಲೆ ಜನರಿಗೆ ಬೆನ್ನು ಹಾಕಿ, ನನಗಾಗಿ ಕಾಯುವವರು ಈ ಭೂಮಿಯ ಮೇಲೆ ಯಾರೂ ಇಲ್ಲವೆಂದು ಅಳುತ್ತಿದ್ದೆ.