ಹೋದವನು ಯಾವ ಶಾಹೀನ್?

ಸೂರ್ ಪಟ್ಟಣದ ದಕ್ಕೆಯಲ್ಲಿ ದೋಣಿಗಳ ಬ್ಯಾಟರಿ, ದೀಪ, ವೈರಿಂಗ್ ನೋಡಿಕೊಳ್ಳುವ ಶಾಹೀನನಿಗೆ ಅರವತ್ತನಾಲ್ಕು ವರ್ಷ. ಬಾಯಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಅಪ್ಪ ಪ್ರೀತಿಯಿಂದ ಗಿಡುಗದ ಹೆಸರಿಟ್ಟಿದ್ದ. ಮಗ ದೊಡ್ಡವನಾಗಿ ಕರೆಂಟಿನ ಕೆಲಸ ಹಿಡಿದ ಮೇಲೆ ಶುರುವಾಯಿತು ಫಜೀತಿ. ಆ ಊರಿನ ಅರಬ್ಬಿ ಮಾತಿನಲ್ಲಿ ಬ್ಯಾಟರಿ ಚಾರ್ಜರಿಗೆ ಶಾಹಿನ್ ಅನ್ನುತ್ತಾರೆ. ಒಂದರಲ್ಲಿ 'ಹ' ಗಂಟಲಿನ ಆಳದಿಂದ ಬರಬೇಕು, ಇನ್ನೊಂದರಲ್ಲಿ 'ಹೀ' ದೀರ್ಘವಾಗಬೇಕು, ಅಷ್ಟೇ ವ್ಯತ್ಯಾಸ. ಗಾಳಿ ಬೀಸುವ ದಕ್ಕೆಯಲ್ಲಿ ಅಷ್ಟೆಲ್ಲ ನಾಜೂಕು ಯಾರಿಗೆ ಬೇಕು? ಮೇಲಾಗಿ ಅವರ ಮಾತಿನಲ್ಲಿ ಮನುಷ್ಯನೂ 'ಅವನು', ಚಾರ್ಜರೂ 'ಅವನು'. ಹಾಗಾಗಿ "ಶಾಹಿನ್ ಯಾಕೋ ಬಿಸಿಯಾಗಿದಾನೆ", "ಶಾಹಿನ್‌ಗೆ ಎರಡು ಬಿಟ್ಟೆ, ಈಗ ಸರಿಯಾಗಿದಾನೆ" ಎಂಬ ಮಾತುಗಳು ದಿನಾ ಅವನ ಕಿವಿಗೆ ಬೀಳುತ್ತಿದ್ದವು.

ಅವನೇನು ಬೇಜಾರು ಮಾಡಿಕೊಳ್ಳುವ ಆಸಾಮಿಯಲ್ಲ. ತನ್ನ ಅಂಗಡಿಗೆ 'ಶಾಹೀನನ ಶಾಹಿನ್' ಎಂದು ತಾನೇ ಬೋರ್ಡು ಬರೆದು ನೇತುಹಾಕಿದ. ಒಂದು ವರ್ಷ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೂ ಶಾಹೀನ್ ಎಂದೇ ಹೆಸರು ಬಿತ್ತು. ಊರಿನವರೆಲ್ಲ ಫೋನ್ ಮಾಡಿ "ಎಲ್ಲಿವರೆಗೆ ಬಂದೆ?" ಎಂದು ಕೇಳಿದರು. "ಸ್ನಾನ ಮಾಡ್ತಾ ಇದೀನಿ, ಮುಗಿಸ್ಕೊಂಡು ಬಂದೆ" ಎಂದು ಇವನು ಒಬ್ಬೊಬ್ಬರಿಗೂ ಉತ್ತರ ಕೊಟ್ಟ.

ಇಷ್ಟು ತಮಾಷೆಯ ಮನುಷ್ಯನ ಎದೆಯಲ್ಲಿ ಒಂದೇ ಒಂದು ಮುಳ್ಳು ಮುರಿದಿತ್ತು. ಅದರ ಹೆಸರು ದಹ್ಮಾನ್.

ದಹ್ಮಾನ್ ದೋಣಿ ಬಡಗಿ. ಇವನಿಗಿಂತ ಐದು ವರ್ಷ ದೊಡ್ಡವನು. ಕಡ್ಡಿಯಂಥ ಮೈ, ಗುಡುಗಿನಂಥ ಸಿಟ್ಟು. ಇಬ್ಬರೂ ಮೂವತ್ತು ವರ್ಷ ದಿನಾ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮರಳಿನಲ್ಲಿ ಗುಳಿ ತೋಡಿ ಹವಾಲಿಸ್ ಆಡುತ್ತಿದ್ದರು. ನಮ್ಮ ಚೆನ್ನೆಮಣೆಯ ದಾಯಾದಿ ಆಟ ಅದು, ಕಲ್ಲು ಹಂಚಿಕೊಂಡು ಹೋಗುವುದು, ಎದುರಾಳಿಯ ಗುಳಿ ಬರಿದು ಮಾಡುವುದು. ಗೆದ್ದವನು ಬೀಗುವುದು, ಸೋತವನು ಗೆದ್ದವನ ಅಪ್ಪ ಅಜ್ಜಂದಿರನ್ನೆಲ್ಲ ವಿಚಾರಿಸಿಕೊಳ್ಳುವುದು, ಆಮೇಲೆ ಇಬ್ಬರೂ ಕೂತು ಕಹ್ವಾ ಕಾಫಿ ಕುಡಿಯುವುದು.

ಒಂಬತ್ತು ವರ್ಷದ ಹಿಂದೆ ಮಹ್ಫೂಜ್ ಎಂಬ ಮೀನುಗಾರನ ಮರದ ದೋಣಿಗೆ ಚಾರ್ಜರ್ ಕೂರಿಸುವಾಗ ಶಾಹೀನ್ ಒಂದು ತಪ್ಪು ಮಾಡಿದ. ಚಾರ್ಜರಿನಿಂದ ಬ್ಯಾಟರಿಗೆ ತಂತಿ ಎಳೆಯಲು ದೋಣಿಯ ಪಕ್ಕೆಲುಬಿನ ಮರಕ್ಕೆ ಡ್ರಿಲ್ ಹಿಡಿದು ತೂತು ಕೊರೆದ. ಸುತ್ತುಬಳಸಿ ಎಳೆಯಬಹುದಿತ್ತು, ಸೋಮಾರಿತನ. ಆ ಪಕ್ಕೆಲುಬು ದಹ್ಮಾನ್ ತನ್ನ ಅಪ್ಪನ ಜೊತೆ ಕೂತು ಕೆತ್ತಿದ ಕೊನೆಯ ಮರ. ದಹ್ಮಾನ್ ನೋಡಿದ, ದಕ್ಕೆಯ ಮಂದಿಯೆದುರು ಕೂಗಿದ: "ಈ ಮನುಷ್ಯನ ಮೈಯಲ್ಲಿ ಉಸಿರಿರೋ ತನಕ ಇವನ ಜೊತೆ ಒಂದು ಮಾತು ಆಡಲ್ಲ, ಅಲ್ಲಾಹನಾಣೆ!"

ಆಣೆ ಆಣೆಯೇ. ಅಂದಿನಿಂದ ಶಾಹೀನ್ ತನ್ನ ಅಂಗಳದಲ್ಲಿ ಒಬ್ಬನೇ ಹವಾಲಿಸ್ ಆಡತೊಡಗಿದ, ಬಲಗೈಯೊಂದು ಪಕ್ಷ, ಎಡಗೈಯೊಂದು ಪಕ್ಷ. ಎಡಗೈ ಮೋಸ ಮಾಡುತ್ತದೆ ಎಂದು ಅದಕ್ಕೆ ಜೋರಾಗಿ ಬೈಯುತ್ತಿದ್ದ. ಹೆಂಡತಿ ಶಮ್ಮಾ ಕಿಟಕಿಯಿಂದ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದಳು. ದಹ್ಮಾನ್ ಒಂದೇ ಒಂದು ಬೈಗುಳ ಬೈದರೂ ಸಾಕು ಎಂದು ಅವನು ಒಂಬತ್ತು ವರ್ಷ ಕಾದ, ಅದನ್ನು ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ಅಂಜಲ್ ಮೀನಿನ ಹಂಗಾಮು ತೆರೆಯಲು ಎರಡೇ ದಿನವಿದ್ದಾಗ ಮಹ್ಫೂಜ್ ಅಂಗಡಿಗೆ ಓಡಿಬಂದ. "ಚಿಕ್ಕಪ್ಪಾ, ಬೇಗ ಬನ್ನಿ. ಚಾರ್ಜರ್ ಉಸಿರೇ ಬಿಡ್ತಿಲ್ಲ, ಬ್ಯಾಟರಿ ಪೂರ್ತಿ ಇಳಿದಿದೆ." ಶಾಹೀನ್ ಮೀಟರು, ಇಕ್ಕಳ ಹಿಡಿದು ಹೊರಟ. ಫೋನು ಮನೆಯಲ್ಲೇ ಮರೆತುಹೋಗಿತ್ತು.

ದೋಣಿಯ ಹೊಟ್ಟೆಗೆ ಇಳಿಯಲು ಒಂದೇ ಇಕ್ಕಟ್ಟಾದ ಕಿಂಡಿ. ಒಳಗೆ ಮಲಗಿಕೊಂಡೇ ಕೆಲಸ ಮಾಡಬೇಕು. ಮೊದಲು ದಕ್ಕೆಯಿಂದ ಬಂದ ಕರೆಂಟಿನ ಪ್ಲಗ್ ಕಿತ್ತ. ಆಮೇಲೆ ಚಾರ್ಜರ್ ಬಿಚ್ಚಿದ. ಒಳಗೆಲ್ಲ ಕರಿ. ಫ್ಯೂಸ್ ನೋಡಿದರೆ ಅದರ ಜಾಗದಲ್ಲಿ ಒಂದು ಮೊಳೆ ಕೂತಿದೆ.

"ಮಹ್ಫೂಜ್, ಈ ಮೊಳೆ ಹೊಡೆದವನು ಯಾವ ಮಹಾನುಭಾವ?"

"ಫ್ಯೂಸ್ ಪದೇ ಪದೇ ಹಾರಿಹೋಗ್ತಿತ್ತು ಚಿಕ್ಕಪ್ಪಾ..."

"ಹಾರೋದೇ ಅದರ ಕೆಲಸ ಕಣೋ! ನೀನು ಅದರ ಬದಲು ಚಾರ್ಜರನ್ನೇ ಹಾರಿಸಿದೆ. ಹೋಗು, ಹೊಸದು ಹುಡುಕ್ಕೊಂಡು ಬಾ."

ಮಹ್ಫೂಜ್ ಮಾರ್ಕೆಟ್ಟಿನ ಕಡೆ ಓಡುತ್ತಲೇ ಮೀನುಗಾರರ ವಾಟ್ಸಾಪ್ ಗುಂಪಿಗೆ ಬಾಯಿಮಾತಿನ ಸಂದೇಶ ಕಳಿಸಿದ. ಗಾಳಿ ಭರ್ರೆಂದು ಬೀಸುತ್ತಿತ್ತು. ಗುಂಪಿನವರಿಗೆ ಕೇಳಿಸಿದ್ದು ಇಷ್ಟು: "ಅಣ್ಣಂದಿರಾ, ಶಾಹೀನ್ ಹೋದ. ನಿನ್ನೆ ಸಂಜೆಯಿಂದಲೇ ವಾಸನೆ ಬರ್ತಿತ್ತು, ನಾನೇ ಲಕ್ಷ್ಯ ಕೊಡಲಿಲ್ಲ. ಎರಡು ಬಾರಿಸಿ ನೋಡಿದೆ, ಮಿಸುಕಲಿಲ್ಲ. ಕರೆಂಟಿಗೆ ಒಳಗೆಲ್ಲ ಸುಟ್ಟು ಕರಿಯಾಗಿದಾನೆ. ದೋಣಿ ಹೊಟ್ಟೆಯಲ್ಲೇ ಇದಾನೆ, ಮಧ್ಯಾಹ್ನ ಎತ್ತಿಸ್ತೀನಿ. ಯಾರ ಹತ್ರ ಆದ್ರೂ ಇನ್ನೊಬ್ಬ..." ಉಳಿದದ್ದನ್ನು ಗಾಳಿ ನುಂಗಿತು.

ಇತ್ತ ಶಾಹೀನ್ ತಂತಿಯ ಜಾಡು ಹಿಡಿದು ಆ ಪಕ್ಕೆಲುಬಿನ ತನಕ ತೆವಳಿದ. ಟಾರ್ಚ್ ಬಿಟ್ಟು ನೋಡಿದ. ತಾನು ಕೊರೆದ ಒರಟು ತೂತಿನೊಳಗೆ ಯಾರೋ ತೇಗದ ಬಳೆಯೊಂದನ್ನು ಕೂರಿಸಿದ್ದರು. ಕೂದಲೆಳೆಯ ಸಂದೂ ಇಲ್ಲ, ನುಣುಪು, ಎಣ್ಣೆಯ ಹೊಳಪು. ತಂತಿ ಮರಕ್ಕೆ ಉಜ್ಜಿ ಸವೆಯಬಾರದೆಂದು ಮಾಡಿದ ಬಳೆ ಅದು. ಈ ದೋಣಿಯ ತಂತಿ ಒಂಬತ್ತು ವರ್ಷವಾದರೂ ಸವೆದಿಲ್ಲ ಎಂದು ದಕ್ಕೆಯ ತುಂಬ ಜಂಭ ಕೊಚ್ಚಿಕೊಂಡವನು ಇವನೇ. ಈಗ ಆ ಬಳೆ ನೀರು ಕುಡಿದು ಉಬ್ಬಿ ತಂತಿಯನ್ನು ಹಿಂಡಿತ್ತು, ಒಳಗಿನ ತಾಮ್ರ ಒಂದಕ್ಕೊಂದು ತಗುಲಿತ್ತು. ಇಂಥ ಬಳೆ ಕೆತ್ತುವ ಕೈ ಸೂರಿನಲ್ಲಿ ಒಂದೇ. ಶಾಹೀನನಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಮೇಲೆ ಹತ್ತಾರು ಕಾಲುಗಳ ಸದ್ದು.

"ಅಯ್ಯೋ, ಎಂಥಾ ಮನುಷ್ಯ!" ಅದು ಐಸ್ ಮಾರುವ ಜುಮಾನ ದನಿ. "ಸುಟ್ಟು ಕರಿಯಾಗಿದಾನಂತೆ. ಪಾಪ, ಮೊದಲೇ ಕರಿ."

ಕಿಂಡಿಯಲ್ಲಿ ಜುಮಾನ ಮುಖ ಮೂಡಿತು. ಕತ್ತಲಲ್ಲಿ ಎರಡು ಪಾದ ಕಂಡವು. ಇಳಿದು ನೋಡೋಣವೆಂದರೆ ಜುಮಾನ ಹೊಟ್ಟೆ ಕಿಂಡಿಗೆ ಹಿಡಿಸಲಿಲ್ಲ. ಇನ್ನೊಬ್ಬ ಇಳಿಯಹೊರಟಾಗ ಜುಮಾ ಅವನ ಅಂಗಿ ಹಿಡಿದೆಳೆದ: "ಮುಟ್ಟಬೇಡ್ವೋ! ಕರೆಂಟ್ ಇನ್ನೂ ಅವನೊಳಗೆ ಇರುತ್ತೆ. ಮಹ್ಫೂಜ್ ಬರಲಿ."

ಶಾಹೀನನಿಗೆ ಎಲ್ಲ ಅರ್ಥವಾಯಿತು. ಎದ್ದು ಕೂತು ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹುಟ್ಟುಗುಣ ಬಿಡಬೇಕಲ್ಲ! ಪಾದ ಅಲ್ಲಾಡಿಸದೆ ಉಸಿರು ಬಿಗಿಹಿಡಿದ. ನಗುವಿಗಿಂತ ಜೋರಾಗಿ ಅವನ ಎದೆಯಲ್ಲಿ ಒಂದು ಆಸೆ ಹೊಡೆದುಕೊಳ್ಳುತ್ತಿತ್ತು. ದಹ್ಮಾನ್ ಬರುತ್ತಾನೋ ಇಲ್ಲವೋ ನೋಡಬೇಕು.

ಬಂದ. ಜನ ಸರಿದು ದಾರಿ ಬಿಟ್ಟರು. ಕಿಂಡಿಯ ಅಂಚಿನಲ್ಲಿ ಯಾರೋ ಕುಳಿತು ಕಾಲು ಇಳಿಬಿಟ್ಟರು. ಆ ಕಡ್ಡಿ ಕಾಲು ಶಾಹೀನನಿಗೆ ಗೊತ್ತು.

"ಲೋ ಕತ್ತೆ," ಎಂದ ದಹ್ಮಾನ್.

ಒಂಬತ್ತು ವರ್ಷದ ನಂತರದ ಮೊದಲ ಮಾತು.

"ಮೇಲೆ ಬರದೆ ಅಲ್ಲೇ ಸತ್ಯಲ್ಲೋ. ಆಣೆ ಹಾಕಿದ ಮಾರನೇ ದಿನಾನೇ ನಾಲಿಗೆ ಕಚ್ಕೊಂಡೆ ಕಣೋ ನಾನು. ಆದ್ರೆ ಅಷ್ಟು ಜನರ ಎದುರು ಹಾಕಿದ ಆಣೆ, ಹೆಂಗೆ ವಾಪಸ್ ತಗೊಳ್ಳಲಿ? ನಿನ್ನ ತೂತಿಗೆ ನಾನೇ ಬಳೆ ಕೂರಿಸ್ದೆ. ಪ್ರತಿ ವರ್ಷ ದೋಣಿ ದಡಕ್ಕೆ ಎಳೆದಾಗ ಎಣ್ಣೆ ಹಚ್ದೆ. ನೀನು 'ನನ್ನ ಕೆಲಸ' ಅಂತ ಕೊಚ್ಕೊಂಡು ಓಡಾಡಿದ್ದು ಕೇಳಿ ನಗ್ತಿದ್ದೆ. ಅಸರ್ ಆದ್ಮೇಲೆ ನಿನ್ನ ಗೋಡೆ ಆಚೆ ನಿಂತು, ನೀನು ಎಡಗೈಗೆ ಬೈಯೋದು ಕೇಳ್ಕೊಂಡು ಮನೆಗೆ ಹೋಗ್ತಿದ್ದೆ. ಇನ್ಮೇಲೆ ಎಲ್ಲಿ ಹೋಗಿ ನಿಂತ್ಕೊಳ್ಲೋ ನಾನು?"

ಶಾಹೀನನ ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಇನ್ನೊಂದು ಘಳಿಗೆ ದಹ್ಮಾನ್ ಸುಮ್ಮನಿದ್ದಿದ್ದರೆ ಇವನೂ ಸುಮ್ಮನೆ ಅಳುತ್ತಲೇ ಇರುತ್ತಿದ್ದನೇನೋ. ಆದರೆ ದಹ್ಮಾನ್ ಮೂಗು ಒರೆಸಿಕೊಂಡು ಸೇರಿಸಿದ: "ಸತ್ತವನ ಬಗ್ಗೆ ಕೆಟ್ಟದಾಗಿ ಹೇಳಬಾರದು. ಆದ್ರೂ ತಂತಿ ಮಾತ್ರ ಅಗ್ಗದ್ದು ಹಾಕಿದ್ದೆ ನೀನು."

"ಅಗ್ಗದ್ದಾ?" ದೋಣಿಯ ಹೊಟ್ಟೆ ಗುಡುಗಿತು. "ಒಂದನೇ ನಂಬರಿನ ತಂತಿ ಅದು! ನಿನ್ನ ದರಿದ್ರ ಬಳೆ ಊದ್ಕೊಂಡು ಹಿಂಡಿ ಸಾಯಿಸಿದೆ. ಬಂದು ನೋಡು ಕಣ್ಣಿದ್ರೆ!"

ಜುಮಾ ಎರಡು ಹೆಜ್ಜೆ ಹಿಂದಿಟ್ಟ. ಮೂರನೆಯದಕ್ಕೆ ದೋಣಿ ಇರಲಿಲ್ಲ, ನೀರಿಗೆ ಬಿದ್ದ. ಉಳಿದವರು ದೇವರ ಹೆಸರು ಹೇಳುತ್ತ ದಕ್ಕೆಗೆ ಹಾರಿದರು. ದಹ್ಮಾನ್ ಮಾತ್ರ ಕದಲಲಿಲ್ಲ. ಕಿಂಡಿಯಿಂದ ಮೇಲೆ ಬಂದ ಮಸಿ ಬಳಿದ ಮುಖವನ್ನೇ ದಿಟ್ಟಿಸಿದ.

"ಸತ್ತಿಲ್ವಾ ನೀನು?"

"ಇಲ್ಲ."

"ಹಾಗಾದ್ರೆ ನಾನು ಮಾತಾಡಿದ್ದು?"

"ನನ್ನ ಜೊತೇಲೇ. ಉಸಿರು ಪೂರ್ತಿ ಇತ್ತು."

"ಆಣೆ ಮುರಿಸ್ದ್ಯಲ್ಲೋ ಪಾಪೀ!" ದಹ್ಮಾನ್ ಚಪ್ಪಲಿ ಕೈಗೆತ್ತಿಕೊಂಡ. ಹೇಗೂ ಮುರಿದದ್ದು ಮುರಿಯಿತು, ಇನ್ನೇಕೆ ಜಿಪುಣತನ ಎಂದು ಒಂಬತ್ತು ವರ್ಷದ ಬೈಗುಳವನ್ನೆಲ್ಲ ಅಲ್ಲೇ ಸುರಿದ. ಶಾಹೀನ್ ಕಿಂಡಿಗೆ ಮೊಣಕೈ ಊರಿ ಒಂದನ್ನೂ ಬಿಡದೆ ಕೇಳಿದ.

ಇದರ ನಡುವೆ ಶಮ್ಮಾ ಗಂಡನ ಫೋನು ಹಿಡಿದು ಬಂದಳು. "ಬೆಳಗ್ಗಿಂದ ಎಂಬತ್ತು ಜನ ನನಗೆ ಸಮಾಧಾನ ಹೇಳಿದಾರೆ," ಎಂದಳು ಒದ್ದೆಯಾಗಿ ನಿಂತ ಜುಮಾನಿಗೆ. "ಎರಡು ಬಾರಿಸಿದ್ರೂ ಮಿಸುಕಲಿಲ್ಲ ಅಂದಾಗಲೇ ಗೊತ್ತಾಯ್ತು, ಇದು ಚಾರ್ಜರ್ ಅಂತ. ನಮ್ಮ ಮನೆಯವನಿಗೆ ಒಂದು ಬಾರಿಸಿದ್ರೆ ಎರಡು ದಿನ ಮಾತಾಡ್ತಾನೆ. ತಲೆ ಬೇಡ್ವಾ ನಿಮಗೆ?"

ಮಹ್ಫೂಜ್ ಹೊಸ ಚಾರ್ಜರ್ ಹೊತ್ತು ಬಂದ. ಹಳೆಯ ತಂತಿ ಕತ್ತರಿಸಿ ದಪ್ಪ ತಂತಿ ಎಳೆಯಬೇಕಿತ್ತು, ಬಳೆ ಅಡ್ಡ. ದಹ್ಮಾನ್ ಉಳಿ ತರಿಸಿ ತಾನೇ ಒಳಗಿಳಿದ.

"ಎಷ್ಟು ದೊಡ್ಡದು ಮಾಡ್ಲಿ?"

"ಕಿರುಬೆರಳು ಆಡೋ ಹಾಗೆ."

"ನಿನ್ನ ಕಿರುಬೆರಳೋ ಮನುಷ್ಯರದೋ?"

ಯಾವ ತೂತಿಗಾಗಿ ಒಂಬತ್ತು ವರ್ಷ ಬಾಯಿ ಕಟ್ಟಿದ್ದನೋ ಅದನ್ನು ಅವನೇ ಉಳಿ ಹಿಡಿದು ದೊಡ್ಡದು ಮಾಡಿದ. ಮೊಳೆಯ ಜಾಗಕ್ಕೆ ನಿಜವಾದ ಫ್ಯೂಸ್ ಬಂತು. ಪ್ಲಗ್ ಹಾಕಿದಾಗ ಹಸಿರು ದೀಪ ಹೊತ್ತಿತು, ಮಹ್ಫೂಜ್ ಇಬ್ಬರ ಹಣೆಗೂ ಮುತ್ತಿಟ್ಟ.

ಧರ್ಮದ ಪ್ರಕಾರ ಮುರಿದ ಆಣೆಗೆ ಪ್ರಾಯಶ್ಚಿತ್ತವಾಗಿ ಹತ್ತು ಜನ ಬಡವರಿಗೆ ಊಟ ಹಾಕಬೇಕು. ಶುಕ್ರವಾರ ನಮಾಜು ಮುಗಿದ ಮೇಲೆ ದಹ್ಮಾನನ ಅಂಗಳದಲ್ಲಿ ಚಾಪೆ ಹಾಸಿದರು. ಅನ್ನ, ಹುರಿದ ಅಂಜಲ್, ನಿಂಬೆ, ಖರ್ಜೂರ. ಒಂಬತ್ತು ಜನ ಬಂದು ಕೂತರು. ಹತ್ತನೆಯ ಜಾಗದಲ್ಲಿ, ಒಗೆದ ಅಂಗಿ ತೊಟ್ಟು ಶಾಹೀನ್ ಕೂತಿದ್ದ.

"ಏಳೋ ಮೇಲೆ," ಎಂದ ದಹ್ಮಾನ್. "ಎರಡು ಅಂತಸ್ತಿನ ಮನೆ ಇದೆ ನಿಂಗೆ. ಬಡವನಂತೆ, ಬಡವ!"

"ಒಂಬತ್ತು ವರ್ಷ ಎಡಗೈ ಜೊತೆ ಆಟ ಆಡಿದೀನಿ," ಎಂದ ಶಾಹೀನ್, ತಟ್ಟೆ ಮುಂದಕ್ಕೆ ತಳ್ಳಿ. "ಈ ಊರಲ್ಲಿ ನನಗಿಂತ ಬಡವ ಯಾರಿದಾನೆ ತೋರಿಸು, ಎದ್ದು ಹೋಗ್ತೀನಿ."

ದಹ್ಮಾನ್ ಅಂಜಲಿನ ತಲೆಯನ್ನೇ ಎತ್ತಿ ಅವನ ತಟ್ಟೆಗೆ ಹಾಕಿದ.

"ಬೇಗ ತಿನ್ನು," ಎಂದ. "ಗುಳಿ ತೋಡಿ ಇಟ್ಟಿದೀನಿ."