ಸೇವಂತಿಯಕ್ಕನ ಚೆಂಬು ನೀರು

ಸೇವಂತಿಯಕ್ಕನ ಬಾಯಿಗೆ ಹೆದರದವರು ನಮ್ಮ ಜಾಲ್ಸೂರಿನಲ್ಲಿ ಇಲ್ಲ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಅವರ ಜೊತೆ ಸಾಂಬಾರು ಕುದಿಸಿದವಳು ನಾನು. ಅವರ ಬೈಗುಳ ತಿಂದೇ ದಪ್ಪಗಾದೆ. ಅಂಥ ಬಾಯಿ ಮಂಗಳೂರಿನ ಡಾಕ್ಟರ ಎದುರು ಅಂಗಲಾಚಿದ್ದನ್ನೂ ನಾನೇ ನೋಡಿದ್ದೇನೆ. ಮಗಳು ಭವಿತಾಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತನ್ನದೊಂದನ್ನು ಕೊಡಲು ತಾಯಿ ಹೊರಟಿದ್ದರು.

"ನಿಮಗೆ ಅರವತ್ತೇಳು ಆಯ್ತಲ್ಲ ಅಮ್ಮ. ಪ್ರಾಯ ಆದವರ ಕಿಡ್ನಿ ಅಷ್ಟು ಬಾಳಿಕೆ ಬರ್ಲಿಕ್ಕಿಲ್ಲ. ಆದ್ರೂ ಡಯಾಲಿಸಿಸ್‌ಗಿಂತ ಒಳ್ಳೇದೇ," ಎಂದರು ಡಾಕ್ಟರು.

"ಬಂದಷ್ಟು ಬರ್ಲಿ. ಒಮ್ಮೆ ತೆಗೀರಿ ಮಾರಾಯ್ರೆ!"

ತೆಗೆದರು, ಕೂರಿಸಿದರು. ಭವಿತಾಳ ಮುಖಕ್ಕೆ ಕಳೆ ಬಂತು, ಮುಚ್ಚಿದ್ದ ಟೈಲರಿಂಗ್ ಅಂಗಡಿ ತೆರೆಯಿತು. ನೀರು ಚೆನ್ನಾಗಿ ಕುಡಿಯಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಸೇವಂತಿಯಕ್ಕ ಚೆಂಬು ಹಿಡಿದು ಮಗಳ ಬೆನ್ನು ಬಿದ್ದರು. ಮದುವೆ ಮನೆಗೂ ಚೆಂಬು ಹೊತ್ತುಕೊಂಡೇ ಬರುತ್ತಿದ್ದರು.

"ಕುಡಿ ಮಗಾ. ಒಳಗೆ ಇರುದು ನಂದು. ಅದಕ್ಕೆ ಬಾಯಾರಿಕೆ ಜಾಸ್ತಿ."

ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಐದನೇ ವರ್ಷ ಆ ಕಿಡ್ನಿ ಸೋತಿತು. ಮತ್ತೆ ಸುಳ್ಯದಲ್ಲಿ ಡಯಾಲಿಸಿಸ್. ಭವಿತಾ ಹೇಳಿದ್ದು ನನಗೊಬ್ಬಳಿಗೆ.

"ಅವ್ವನಿಗೆ ಗೊತ್ತಾಗುದು ಬೇಡ ಅಕ್ಕ. ತನ್ನ ಕಿಡ್ನಿ ಹಾಳಾಯ್ತು ಅಂತ ಎದೆ ಒಡೆದುಕೊಳ್ತಾರೆ."

ನೂಲು, ಲೈನಿಂಗ್ ಬಟ್ಟೆ ತರಲಿಕ್ಕುಂಟು ಎಂದು ಸುಳ್ಳು ಹೇಳಿ ಹೋಗುತ್ತಿದ್ದಳು. ಆದರೆ ಚೆಂಬನ್ನು ಏನು ಮಾಡುವುದು? ಮೊದಲಿನ ಡಯಾಲಿಸಿಸ್ ಕಾಲದ ಹಾಗೆ ಈಗ ಮತ್ತೆ ನೀರೇ ಅವಳ ಶತ್ರು. ಹೆಚ್ಚು ಕುಡಿದರೆ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಅವ್ವ ಕೊಟ್ಟದ್ದನ್ನು ನಗುತ್ತಾ ತೆಗೆದುಕೊಂಡು, ಅವರು ಆಚೆ ಹೋದ ಕೂಡಲೇ ಕಿಟಕಿಯ ಹೊರಗಿನ ಬಸಳೆ ಚಪ್ಪರದ ಬುಡಕ್ಕೆ ಚೆಲ್ಲಿಬಿಡುತ್ತಿದ್ದಳು. ಗಂಟಲು ಒಣಗಿ ಸಾಯುವವಳು ಬಸಳೆಗೆ ನೀರೆರೆಯುತ್ತಿದ್ದಳು, ಪಾಪ.

ಏಪ್ರಿಲಿನಲ್ಲಿ ಊರಿನ ಬಸಳೆಯೆಲ್ಲ ಸೊರಗಿದಾಗ ಅವರದ್ದು ಮಾತ್ರ ಕಿಟಕಿಯ ಬದಿಗೆ ಹಸಿರಾಗಿ ಹಬ್ಬಿತ್ತು. ನಾನು ಜಗಲಿಯಲ್ಲಿ ಕೂತಿದ್ದೆ. ಪದಾರ್ಥಕ್ಕೆ ಬಸಳೆ ಕೊಯ್ಯಲು ಹೋದ ಸೇವಂತಿಯಕ್ಕ ಬಗ್ಗಿ ಬುಡದ ಮಣ್ಣು ಮುಟ್ಟಿದರು. ಒದ್ದೆ. ಕಿಟಕಿಯನ್ನೊಮ್ಮೆ ನೋಡಿದರು. ಆಮೇಲೆ ಸಂಜೆವರೆಗೆ ಅವರು ಯಾರಿಗೂ ಬೈಯಲಿಲ್ಲ.

ಭವಿತಾ ಸುಳ್ಯದಿಂದ ಬಂದು ಸುಸ್ತಾಗಿ ಕೂತಳು. ಸೇವಂತಿಯಕ್ಕ ನೀರು ತಂದರು. ಚೆಂಬಿನಲ್ಲಲ್ಲ, ಮಕ್ಕಳಿಗೆ ಮದ್ದು ಕುಡಿಸುವ ಸಣ್ಣ ಲೋಟದಲ್ಲಿ, ಎರಡು ಗುಟುಕು.

"ಇಷ್ಟು ಕುಡೀಬಹುದಲ್ವಾ ಮಗಾ?"

"ಅವ್ವಾ..." ಭವಿತಾ ಬಿಕ್ಕಿದಳು.

ಸೇವಂತಿಯಕ್ಕ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು.

"ಕೂಗ್ಬೇಡ. ಹಳತು ಕೊಟ್ಟದ್ದು ನಂದೇ ತಪ್ಪು. ಇನ್ನೊಂದು ಉಂಟಲ್ಲ ನನ್ನತ್ರ, ನಾಳೆ ಹೋಗಿ ಡಾಕ್ಟ್ರತ್ರ ಕೇಳುವ."