ಬಂದು, ಬಂದ್

ಏಸಿಯ ತಂಪು ಗಾಳಿ ಸಾಗುವ ತಗಡಿನ ಕೊಳವೆ, ಡಕ್ಟು, ಅದನ್ನು ಕಟ್ಟುವ ನಮ್ಮ ಮೇಸ್ತ್ರಿ ಶಿವಾಜಿನಗರದವರು. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ತಗಡು ಜೋಡಿಸಿದ ಕೂಡಲೇ ಮುಂಗೈ ಒದ್ದೆ ಮಾಡಿಕೊಂಡು ಸಂದಿಗೆ ಹಿಡಿಯುತ್ತಿದ್ದರು. ಗಾಳಿ ಸೋರಿದರೆ ಮೊದಲು ಗೊತ್ತಾಗುತ್ತಿದ್ದುದು ಅವರ ಚರ್ಮಕ್ಕೆ, ನಾನು ಕೂರಿಸಿದ ಪ್ರೆಷರ್ ಸೆನ್ಸರಿಗೆ ಆಮೇಲೆ. ಏನು ಕೇಳಿದರೂ "ನೀವು ಹೇಳ್ದಂಗೇ ಸಾರ್" ಎನ್ನುತ್ತಿದ್ದರು.

ಇಂದಿರಾನಗರದ ಬಟ್ಟೆ ಅಂಗಡಿಯೊಂದರ ತಾರಸಿ. ಮರುದಿನವೇ ಉದ್ಘಾಟನೆ. ಡಕ್ಟಿನೊಳಗೆ ಗಾಳಿ ತಡೆಯುವ ತಗಡಿಗೆ ಡ್ಯಾಂಪರ್ ಎನ್ನುತ್ತೇವೆ; ಅದರ ಹಿಡಿ ಸಡಿಲವಾಗಿತ್ತು. ದೂರದಲ್ಲಿದ್ದ ಮೇಸ್ತ್ರಿಗೆ, ಫ್ಯಾನಿನ ಸದ್ದಿನಲ್ಲೇ, "ಡ್ಯಾಂಪರ್ ಬಂದು ಮಾಡಿ" ಎಂದು ಕೂಗಿ ಕೆಳಗಿಳಿದೆ.

ಸ್ವಲ್ಪ ಹೊತ್ತಿಗೆ ಅಂಗಡಿಯಲ್ಲಿ ಗಾಳಿಯೇ ನಿಂತಿತು. ಮಾಲೀಕರು ಬೆವರುತ್ತಾ ನನ್ನನ್ನೇ ನೋಡಿದರು. ಮೇಲೆ ಓಡಿದರೆ ಸೆನ್ಸರ್ ಭರ್ತಿ ಒತ್ತಡ ತೋರಿಸುತ್ತಿತ್ತು. ನನಗೆ ತಲೆ ಕೆಟ್ಟುಹೋಯಿತು. ಅರ್ಧ ದಿನ ಸೆನ್ಸರನ್ನೇ ಬಿಚ್ಚಿದೆ, ಕೂರಿಸಿದೆ, ಬೈದೆ. ಮೇಸ್ತ್ರಿ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದರು. ಕೊನೆಗೆ ನೋಡಿದರೆ ಡ್ಯಾಂಪರ್ ಪೂರ್ತಿ ಮುಚ್ಚಿತ್ತು.

"ಯಾಕ್ರೀ ಮುಚ್ಚಿದ್ರಿ?"

"ಬಂದ್ ಮಾಡಿ ಅಂದ್ರಲ್ಲ ಸಾರ್. ನೀವು ಹೇಳ್ದಂಗೇ."

ನಾನು ಹೇಳಿದ್ದು 'ಬಂದು ಮಾಡಿ' ಎಂದು, ಇಲ್ಲಿಗೆ ಬಂದು ಹಿಡಿ ಸರಿ ಮಾಡಿ ಎಂಬ ಅರ್ಥದಲ್ಲಿ. ಹಾಗೇ ಹೇಳಿದೆನೋ, ಅವಸರದಲ್ಲಿ ಕೊನೆಯ ಆ 'ಉ' ನುಂಗಿಬಿಟ್ಟೆನೋ, ಈಗ ಆಣೆ ಮಾಡಿ ಹೇಳಲಾರೆ.

ಕೆಲವು ವರ್ಷಗಳ ನಂತರ ಕೆ.ಆರ್. ಪುರದ ತಾರಸಿಯೊಂದರಿಂದ ಅವರ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಯಾವಾಗಲೂ ಹಿಂದೆ ಕೇಳುತ್ತಿದ್ದ ಸುತ್ತಿಗೆಯ ಸದ್ದು ಅಂದು ಇರಲಿಲ್ಲ.

"ಕೆಲಸ ಇದೆ ಮೇಸ್ತ್ರಿ, ಬರ್ತೀರಾ?"

"ಬಂದ್ ಸಾರ್" ಎಂದರು. ಲೈನ್ ಕಟ್ಟಾಯಿತು.

'ಬಂದೆ' ಎಂದರು ಅಂದುಕೊಂಡು ಸಂಜೆಯವರೆಗೂ ಕಾದೆ.